ಶನಿವಾರದ ಪೆಗ್ಗಿಗೆ ಭಾನುವಾರದ ಓಟ ಸಾಕಾಗುತ್ತದಾ?

ಕೋಡಿಬಾಗ_ನಡಿಗೆ:
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ಒಂದು ತಾಸು ನಡೆಯುತ್ತೇನೆ. ಕೆಲವು ಸಂಜೆ ಜಿಮ್ಮಿಗೂ ಹೋಗುತ್ತೇನೆ. ಶನಿವಾರ ರಾತ್ರಿ ಗೆಳೆಯರ ಜೊತೆ ಕೂರುವ ಅಭ್ಯಾಸ ಇದೆ. ಎರಡೋ ಮೂರೋ ಪೆಗ್, ಸೆಕೆ ಜಾಸ್ತಿ ಇದ್ದರೆ ಬಿಯರ್. ಇಷ್ಟೆಲ್ಲ ನಡೆದರೂ ಹೊಟ್ಟೆ ಇಳಿಯುತ್ತಿಲ್ಲ.

ನಮ್ಮ ಗುಂಪಿನಲ್ಲಿ ಎಲ್ಲರೂ ನಂಬಿರುವ ಒಂದು ಮಾತಿದೆ: ಕುಡಿದದ್ದನ್ನು ಮರುದಿನ ಓಡಿ ಕರಗಿಸಿದರೆ ಆಯಿತು. ವಾಚಿನಲ್ಲಿ 500 ಕ್ಯಾಲೊರಿ ಬಂತು, ಹಾಗಾದರೆ ಇವತ್ತು ಇಷ್ಟು ಕುಡಿಯಬಹುದು ಅಂತ ಮೊದಲೇ ಲೆಕ್ಕ ಹಾಕಿಕೊಂಡು ಬರುವವರೂ ಇದ್ದಾರೆ. ಕಡಿಮೆ ಓಡಿದ ವಾರ ಒಂಥರಾ ಅಪರಾಧ ಮಾಡಿದ ಹಾಗೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇದು ಆರೋಗ್ಯವಾ, ಇನ್ನೊಂದು ಬಗೆಯ ಚಟವಾ ಅಂತ ನನಗೆ ಗೊತ್ತಾಗುತ್ತಿಲ್ಲ. ಉಪದೇಶ ಮಾಡಿದರೂ ಅಡ್ಡಿಲ್ಲ, ಆದರೆ ಅಂಕಿ ಸಮೇತ ಹೇಳಿ.

ಅಂಕೋಲಾ_ಓಟ:
ಅಂಕಿ ನಾನು ಹೇಳುತ್ತೇನೆ. ಆಲ್ಕೋಹಾಲ್ ಗ್ರಾಂಗೆ 7 ಕ್ಯಾಲೊರಿ. ಸಕ್ಕರೆ, ಪಿಷ್ಟ, ಪ್ರೋಟೀನು ಗ್ರಾಂಗೆ 4. ಅಡುಗೆ ಎಣ್ಣೆ, ತುಪ್ಪ 9. ಅಂದರೆ ಕುಡಿತ ಇರುವುದು ತುಪ್ಪದ ಹತ್ತಿರ, ಅನ್ನದ ಹತ್ತಿರ ಅಲ್ಲ.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂಡಿ ಬಹುತೇಕ 42.8%. ಅದರ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, 70 ಕ್ಯಾಲೊರಿ. 60 ಮಿಲಿಗೆ, ಅಂದರೆ ಒಂದು ದೊಡ್ಡ ಪೆಗ್ಗಿಗೆ, 140. ಒಂದು ಕ್ವಾರ್ಟರ್ ಅಂದರೆ 180 ಮಿಲಿ, ಅದು 420 ದಾಟುತ್ತದೆ. 650 ಮಿಲಿಯ ಮಾಮೂಲಿ 5% ಬಿಯರ್ ಬಾಟಲಿಗೆ ಸುಮಾರು 280. ಸ್ಟ್ರಾಂಗ್ ಅಂತ ಬರುವ 8%ದ್ದು ಹತ್ತಿರ ಹತ್ತಿರ 400.

ಈಗ ನಡಿಗೆ. 70 ಕಿಲೋ ತೂಕದವರು ಒಂದು ತಾಸಿಗೆ 5 ಕಿಲೋಮೀಟರಿನಂತೆ ನಡೆದರೆ ಸುಮಾರು 240 ಕ್ಯಾಲೊರಿ ಖರ್ಚು. ಆದರೆ ಆ ಒಂದು ತಾಸು ಮನೆಯಲ್ಲಿ ಸುಮ್ನೆ ಕುಳಿತಿದ್ದರೂ 70 ಖರ್ಚಾಗುತ್ತಿತ್ತು. ಹಾಗಾಗಿ ನಡೆದದ್ದರಿಂದ ಹೆಚ್ಚಿಗೆ ಆದದ್ದು 170 ಮಾತ್ರ. ಒಂದು ದೊಡ್ಡ ಪೆಗ್ಗಿಗೇ ಅದು ಹೆಚ್ಚುಕಡಿಮೆ ಮುಗಿಯಿತು. ಓಟಕ್ಕೆ ಕಿಲೋಮೀಟರಿಗೆ, ಕಿಲೋ ತೂಕಕ್ಕೆ ಸುಮಾರು 1 ಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಒಂದು ಕ್ವಾರ್ಟರಿಗೆ 6 ಕಿಲೋಮೀಟರ್ ಓಟ. ಇದು ಬರೀ ಮದ್ಯಕ್ಕೆ. ಜೊತೆಗೆ ಬಂದ ಗೋಬಿ ಮಂಚೂರಿ, ಶೇಂಗಾ ಮಸಾಲಾ, ಬಂಗಡೆ ಫ್ರೈ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ವಾಚನ್ನು ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫೋರ್ಡಿನವರು ಕೈಗೆ ಕಟ್ಟುವ 7 ಸಾಧನಗಳನ್ನು ಪರೀಕ್ಷೆ ಮಾಡಿದರು. ಹೃದಯ ಬಡಿತ ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಇದ್ದುದರಲ್ಲಿ ಒಳ್ಳೆಯದು ಅನ್ನಿಸಿದ್ದೂ 27% ತಪ್ಪು ಹೇಳಿತು. ತೀರಾ ಕೆಟ್ಟದ್ದು 93%. ಇಂಥ ಅಂಕಿ ಇಟ್ಟುಕೊಂಡು ಎಷ್ಟು ಕುಡಿಯಬಹುದು ಅಂತ ತೀರ್ಮಾನ ಮಾಡುವುದು ಹೇಗೆ?

ಕೋಡಿಬಾಗ_ನಡಿಗೆ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಹಾಗಾದರೆ ಓಟ ಎರಡರಷ್ಟು ಮಾಡಿದರೆ ಸರಿಹೋಗುತ್ತದಾ?

ಕುಮಟಾ_ನರ್ಸಕ್ಕ:
ಇಲ್ಲ ತಮ್ಮಾ, ಅಲ್ಲೇ ಎಲ್ಲರೂ ಎಡವುವುದು. ಕ್ಯಾಲೊರಿಯ ಕೂಡುವ ಕಳೆಯುವ ಲೆಕ್ಕ ಸರಿಬಂದರೂ ದೇಹದ ಒಳಗಿನ ಕೆಲಸ ಸರಿಬರುವುದಿಲ್ಲ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ದಿನಾ ನೋಡುವುದನ್ನೇ ಹೇಳುತ್ತೇನೆ.

ಆಲ್ಕೋಹಾಲನ್ನು ಕೂಡಿಡಲು ದೇಹದಲ್ಲಿ ಜಾಗ ಇಲ್ಲ. ದೇಹಕ್ಕೆ ಅದು ವಿಷ, ಮೊದಲು ಅದನ್ನು ಹೊರಗೆ ಹಾಕಬೇಕು. ಯಕೃತ್ತು ಅದನ್ನು ಮೊದಲು ಅಸೆಟಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅಸಿಟೇಟ್ ಮಾಡುತ್ತದೆ. ಆ ಅಸಿಟೇಟ್ ಉರಿದು ಮುಗಿಯುವ ತನಕ ಕೊಬ್ಬು ಕರಗುವ ಕೆಲಸ ಹಿಂದೆ ಬೀಳುತ್ತದೆ. ಯಕೃತ್ತು ಒಂದೇ ಕಿಟಕಿಯ ಟಿಕೆಟ್ ಕೌಂಟರ್ ಇದ್ದ ಹಾಗೆ. ಮದ್ಯ ಬಂದು ಮುಂದೆ ನಿಂತಿತು ಅಂದರೆ ಗೋಬಿ ಮಂಚೂರಿಯ ಎಣ್ಣೆ ಹಿಂದೆ ಕಾಯುತ್ತದೆ, ಕಾದು ಕಾದು ಕೊನೆಗೆ ಹೊಟ್ಟೆಯ ಸುತ್ತ ಕೂರುತ್ತದೆ. ಹೊಟ್ಟೆ ಇಳಿಯದೆ ಇರುವುದಕ್ಕೆ ಇದೂ ಒಂದು ಕಾರಣ.

ಆ ಕೌಂಟರಿನ ವೇಗ ನಮ್ಮ ಕೈಯಲ್ಲಿಲ್ಲ. ಹೆಚ್ಚಿನವರಲ್ಲಿ ತಾಸಿಗೆ 7ರಿಂದ 10 ಗ್ರಾಂ, ಅಂದರೆ ಒಂದು ಸಣ್ಣ ಪೆಗ್. ಓಡಿದರೂ ಅಷ್ಟೇ, ಮಲಗಿದರೂ ಅಷ್ಟೇ. ತಣ್ಣೀರು ಸ್ನಾನ, ಕಾಫಿ, ಲಿಂಬೆ ಹುಳಿ ಯಾವುದೂ ಅದನ್ನು ಓಡಿಸುವುದಿಲ್ಲ. ಬೆವರಿನಲ್ಲಿ ಹೋಗುತ್ತದೆ ಅಂತ ಹೇಳುತ್ತಾರಲ್ಲ, ಬೆವರು, ಉಸಿರು, ಮೂತ್ರ ಎಲ್ಲ ಸೇರಿದರೂ ಹೋಗುವುದು ತೀರಾ ಸ್ವಲ್ಪ. ಉಳಿದದ್ದೆಲ್ಲ ಯಕೃತ್ತಿನದೇ ಕೆಲಸ.

ಭಾನುವಾರ ಬೆಳಿಗ್ಗೆ ಓಡುವವರಿಗೆ ಇನ್ನೊಂದು ಮಾತು. ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ. ಹಾಗಾಗಿ ರಾತ್ರಿಯೇ ದೇಹದ ನೀರು ಕಡಿಮೆ ಆಗಿರುತ್ತದೆ. ಅದರ ಮೇಲೆ ನಮ್ಮ ಕರಾವಳಿಯ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 7 ಗಂಟೆಗೇ ಅಂಗಿ ಒದ್ದೆಯಾಗುತ್ತದೆ, ಅಲ್ವಾ? ಜಾಸ್ತಿ ಕುಡಿದ ಮರುದಿನ ಎದೆ ಬಡಿತದ ತಾಳ ತಪ್ಪುವುದೂ ಇದೆ, ಹೃದಯದ ಕಾಯಿಲೆ ಇಲ್ಲದವರಿಗೂ ಆಗುತ್ತದೆ. ಅಂಥ ಬೆಳಿಗ್ಗೆ ಜೋರಾಗಿ ಓಡಬೇಡಿ. ನೀರು ಕುಡಿಯಿರಿ, ಗಂಜಿ ಉಣ್ಣಿರಿ, ನೆರಳಲ್ಲಿ ಸ್ವಲ್ಪ ನಡೆಯಿರಿ. ಅಷ್ಟು ಸಾಕು.

ಬೈತಖೋಲ_ಬಂದರು:
ಅಕ್ಕ ಹೇಳಿದ್ದಕ್ಕೆ ಇದನ್ನೂ ಸೇರಿಸಿ. ಕುಡಿದು ಸಮುದ್ರಕ್ಕೆ ಇಳಿಯಬೇಡಿ. ಈಜಿದರೆ ನಶೆ ಇಳಿಯುತ್ತದೆ ಅಂತ ಹೇಳುವವರನ್ನು ನೋಡಿದ್ದೇನೆ. ಕುಡಿದವನಿಗೆ ಅಲೆಯ ಸೆಳೆತ ಗೊತ್ತಾಗುವುದಿಲ್ಲ, ದಡ ಎಷ್ಟು ದೂರ ಇದೆ ಅನ್ನುವುದೂ ತಿಳಿಯುವುದಿಲ್ಲ. ಗೋಕರ್ಣದ ಕಡೆ ಬರುವ ಪ್ರವಾಸಿಗರಿಗೆ ಮಾತ್ರ ಅಲ್ಲ, ಸಣ್ಣಂದಿನಿಂದ ಈಜಿದ ನಮ್ಮವರಿಗೂ ಇದೇ ಮಾತು.

ಮಾಜಾಳಿ_ಗೇರು:
ಉರ್ರಾಕ್, ಫೆನ್ನಿ ಕುಡಿದರೆ ಏನೂ ಆಗುವುದಿಲ್ಲ, ಅದು ಗೇರು ಹಣ್ಣಿನದ್ದು, ನ್ಯಾಚುರಲ್ ಅಂತ ನಮ್ಮ ಕಡೆ ಹೇಳುತ್ತಾರೆ. ಗಡಿ ಹತ್ತಿರ ಇರುವವರಿಗೆ ಈ ಮಾತು ಚೆನ್ನಾಗಿ ಗೊತ್ತು. ಇದು ನಿಜವಾ?

ಅಂಕೋಲಾ_ಓಟ:
ಗೇರು ಹಣ್ಣಿನದ್ದು ನಿಜ. ಗೋವಾದ ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಹಣ್ಣಿನ ಸಕ್ಕರೆ ಹುಳಿ ಬಂದು ಆಲ್ಕೋಹಾಲ್ ಆದ ಮೇಲೆ ಅದು ಆಲ್ಕೋಹಾಲೇ, ಯಕೃತ್ತಿಗೆ ಅದು ಗೇರಿನದ್ದೋ ಬಾರ್ಲಿಯದ್ದೋ ಅನ್ನುವ ಭೇದ ಇಲ್ಲ. ಬಾಟಲಿ ಫೆನ್ನಿಯೂ ಹೆಚ್ಚಾಗಿ 42.8%, ವಿಸ್ಕಿಯಷ್ಟೇ. ಉರ್ರಾಕ್ ಒಂದೇ ಸಲ ಬಟ್ಟಿ ಇಳಿಸಿದ್ದು, ಸುಮಾರು 15% ಇರುತ್ತದೆ. ಕಡಿಮೆ ಅನ್ನಿಸುತ್ತದೆ, ಹಾಗಾಗಿಯೇ ಲೋಟ ದೊಡ್ಡದಾಗುತ್ತದೆ. 200 ಮಿಲಿಯಲ್ಲಿ 24 ಗ್ರಾಂ ಹತ್ತಿರ ಆಲ್ಕೋಹಾಲ್, ಅಂದರೆ ಒಂದು ದೊಡ್ಡ ಪೆಗ್ಗಿಗಿಂತ ಜಾಸ್ತಿ. ಅದಕ್ಕೆ ಸಿಹಿ ಲಿಂಬೆ ಸೋಡಾ ಬೇರೆ ಬೆರೆಸುತ್ತಾರೆ. ಮನೆಯಲ್ಲಿ ಬಟ್ಟಿ ಇಳಿಸಿದ್ದಾದರೆ ಎಷ್ಟು ಶೇಕಡಾ ಅಂತಲೂ ಯಾರಿಗೂ ಗೊತ್ತಿರುವುದಿಲ್ಲ, ಅದು ಇನ್ನೂ ಅಪಾಯ.

ಕೋಲಾ ಕೂಡ ಹಾಗೇ. 300 ಮಿಲಿಯಲ್ಲಿ 30 ಗ್ರಾಂ ದಾಟಿ ಸಕ್ಕರೆ, ಸುಮಾರು 130 ಕ್ಯಾಲೊರಿ. ರಮ್ಮಿಗೆ ಕೋಲಾ ಬೆರೆಸಿ ಕುಡಿಯುವವರಿಗೆ ಒಮ್ಮೊಮ್ಮೆ ರಮ್ಮಿಗಿಂತ ಕೋಲಾದ ಕ್ಯಾಲೊರಿಯೇ ಜಾಸ್ತಿ ಆಗುತ್ತದೆ. ಸಾದಾ ಸೋಡಾಕ್ಕೆ ಸೊನ್ನೆ.

ಹೊನ್ನಾವರ_ಮೇಷ್ಟ್ರು:
ಓದುತ್ತಾ ಬಂದೆ. ನನಗೆ ಒಂದು ಅರ್ಥವಾಗುವುದಿಲ್ಲ. ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೆ? ಬಿಟ್ಟರೆ ಮುಗಿಯಿತಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸ್ಪಷ್ಟವಾಗಿ ಹೇಳಿದೆ, ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ. ಮದ್ಯ ಕ್ಯಾನ್ಸರ್ ತರುತ್ತದೆ ಅನ್ನುವುದು 1988ರಿಂದಲೇ ಅವರ ಪಟ್ಟಿಯಲ್ಲಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ನಮ್ಮ ಜಿಲ್ಲೆಯಲ್ಲಿ ಕವಳ ಹಾಕುವವರೂ ಗುಟ್ಕಾ ತಿನ್ನುವವರೂ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ತಂಬಾಕು ಮತ್ತು ಮದ್ಯ ಸೇರಿದರೆ ಬಾಯಿ ಗಂಟಲಿನ ಅಪಾಯ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಇದನ್ನು ಯಾವ ಓಟವೂ ಅಳಿಸುವುದಿಲ್ಲ. ನನಗೆ ಪಾಠ ಹೇಳಿಕೊಟ್ಟವರನ್ನೂ, ನಾನು ಪಾಠ ಹೇಳಿದ ಹುಡುಗರನ್ನೂ ಈ ಕಾರಣಕ್ಕೆ ಕಳೆದುಕೊಂಡಿದ್ದೇನೆ. ಅದಕ್ಕೇ ಗಟ್ಟಿಯಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಶಿರಸಿ_ತೋಟದಮನೆ:
ಮೇಷ್ಟ್ರೇ, ನಿಮ್ಮ ಮಾತು ಸತ್ಯ. ಒಂದಕ್ಷರ ತೆಗೆಯುವ ಹಾಗಿಲ್ಲ. ಆದರೆ ನಾಳೆಯಿಂದಲೇ ಬಿಡಿ ಅಂದ ಕೂಡಲೇ ಬಿಡುವವರು ಕಡಿಮೆ. ಈಗ ಕುಡಿಯುತ್ತಿರುವವರು ಮೂರರಿಂದ ಒಂದಕ್ಕೆ ಇಳಿದರೂ ಅದು ನಿಜವಾದ ಲಾಭವೇ. ಕ್ಯಾನ್ಸರಿನ ಅಪಾಯವೂ ಪ್ರಮಾಣದ ಜೊತೆಗೇ ಏರುತ್ತದೆ, ಪ್ರಮಾಣದ ಜೊತೆಗೇ ಇಳಿಯುತ್ತದೆ. ಪೂರ್ತಿ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಬಿಡಲಾಗದವರು ಇಳಿಸುವುದು ಎರಡನೆಯದು. ಓಡಿ ಸರಿಮಾಡುತ್ತೇನೆ ಅನ್ನುವುದಕ್ಕೆ ಆ ಸಾಲಿನಲ್ಲಿ ಜಾಗವೇ ಇಲ್ಲ. ನನಗೆ ಹೇಳಬೇಕಾದದ್ದು ಇಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೋಡಿಬಾಗದವರು ಕೇಳಿದ ಎರಡನೇ ಪ್ರಶ್ನೆ, ಆ ಚಟದ ವಿಷಯ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ವ್ಯಾಯಾಮವನ್ನು ಕುಡಿತದ ಜೊತೆ ಕಟ್ಟಿಹಾಕಿದರೆ ಎರಡು ಕಡೆಯಿಂದಲೂ ಕೆಡುತ್ತದೆ. ಕುಡಿದದ್ದಕ್ಕೆ ಶಿಕ್ಷೆ ಅಂತ ಓಡಿದರೆ ಸ್ವಲ್ಪ ದಿನದಲ್ಲಿ ಓಟದ ಮೇಲೇ ಸಿಟ್ಟು ಬರುತ್ತದೆ. ಓಡಿದ್ದಕ್ಕೆ ಬಹುಮಾನ ಅಂತ ಕುಡಿದರೆ, ಜಾಸ್ತಿ ಓಡಿದ ದಿನ ಜಾಸ್ತಿ ಕುಡಿಯುವ ಹಕ್ಕು ಬಂದ ಹಾಗೆ ಅನ್ನಿಸುತ್ತದೆ. ಅಮೆರಿಕದಲ್ಲಿ ಜನರ ದಿನದಿನದ ಅಭ್ಯಾಸ ಬರೆಸಿಕೊಂಡು ನೋಡಿದಾಗ ಸಿಕ್ಕಿದ್ದೂ ಇದೇ. ಜನ ಹೆಚ್ಚು ವ್ಯಾಯಾಮ ಮಾಡಿದ ದಿನಗಳಲ್ಲೇ ಕುಡಿತವೂ ಹೆಚ್ಚಾಗಿತ್ತು.

ನಾವು ಅಡಿಕೆ ತೋಟದವರು. ಕೊಯ್ಲಿನ ಸಮಯದಲ್ಲಿ ಮರ ಹತ್ತುವವರ ಮೈಗೆ ಆಗುವ ಕೆಲಸ ಯಾವ ಜಿಮ್ಮಿನಲ್ಲೂ ಇಲ್ಲ. ಆ ಕೆಲಸ ಮಾಡುವವರಲ್ಲೇ ಸಂಜೆ ಕುಡಿದು ಕುಡಿದು ಯಕೃತ್ತು ಹೋದವರಿದ್ದಾರೆ. ಮೈಯಲ್ಲಿ ಒಂದು ಚೂರು ಬೊಜ್ಜಿಲ್ಲ, ತೋಳು ಕಬ್ಬಿಣದ ಥರ, ಕಣ್ಣು ಮಾತ್ರ ಹಳದಿ. ದುಡಿದ ಮೈಯನ್ನು ಮದ್ಯ ಮುಟ್ಟುವುದಿಲ್ಲ ಅಂತ ಅವರೂ ನಂಬಿದ್ದರು. ತೆಳ್ಳಗಿದ್ದೇವೆ ಅಂದರೆ ಒಳಗೂ ಸರಿ ಇದ್ದೇವೆ ಅಂತ ಅರ್ಥ ಅಲ್ಲ.

ಕೋಡಿಬಾಗ_ನಡಿಗೆ:
ಈ ಕೊನೆಯ ಮಾತು ಮನಸ್ಸಿಗೆ ನಾಟಿತು. ನಾನು ಇಷ್ಟು ದಿನ ಹೊಟ್ಟೆಯ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಹಾಗಾದರೆ ನಡೆಯುವುದರಿಂದ ಕುಡಿಯುವವರಿಗೆ ಲಾಭವೇ ಇಲ್ಲವಾ?

ಕುಮಟಾ_ನರ್ಸಕ್ಕ:
ಅಯ್ಯೋ, ಲಾಭ ಇದೆ. ಬಿಡಬೇಡಿ! ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸಿನ ಹಗುರ ಎಲ್ಲದಕ್ಕೂ ಒಳ್ಳೆಯದು. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಿಮ್ಮದು ಅದಕ್ಕಿಂತ ಜಾಸ್ತಿಯೇ ಇದೆ. ಯಕೃತ್ತಿನಲ್ಲಿ ಕೂತ ಕೊಬ್ಬಿಗೂ ನಡಿಗೆಯಿಂದ ಅನುಕೂಲ. ಆದರೆ ಆ ಲಾಭವನ್ನು ಶನಿವಾರ ರಾತ್ರಿಗೆ ಖರ್ಚು ಮಾಡಬೇಡಿ.

ಜಿಮ್ಮಿಗೆ ಹೋಗುವವರಿಗೆ ಇದು. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಕಸರತ್ತು ಆದ ಮೇಲೆ ಚೆನ್ನಾಗಿ ಮದ್ಯ ಕೊಟ್ಟು ನೋಡಿದರು. ಪ್ರೋಟೀನು ಜೊತೆಗೆ ತೆಗೆದುಕೊಂಡಿದ್ದರೂ ಸ್ನಾಯು ಕಟ್ಟುವ ಕೆಲಸ 24% ಕಡಿಮೆ ಆಯಿತು. ಪ್ರೋಟೀನು ಇಲ್ಲದಾಗ 37%. ಅವರು ಕೊಟ್ಟ ಪ್ರಮಾಣ ದೊಡ್ಡದು, ಕಿಲೋ ತೂಕಕ್ಕೆ ಒಂದೂವರೆ ಗ್ರಾಂ. 70 ಕಿಲೋದವರಿಗೆ ಅದು ಒಂದು ಕ್ವಾರ್ಟರ್ ದಾಟಿ ಇನ್ನೂ ಅಷ್ಟರ ಮುಕ್ಕಾಲು ಭಾಗ. ಆದರೆ ಪಾರ್ಟಿಯಲ್ಲಿ ಆ ಮಟ್ಟಕ್ಕೆ ಹೋಗುವವರಿದ್ದಾರೆ. ಜಿಮ್ ಮುಗಿಸಿ ನೇರ ಬಾರಿಗೆ ಹೋಗುವವರು ಇದನ್ನು ಓದಲಿ.

ಯಲ್ಲಾಪುರ_ಸಂಪಿಗೆ:
ನಾನು ಒಂದು ವಿಷಯ ಕೇಳಬೇಕು, ಸ್ವಲ್ಪ ಸಂಕೋಚ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಊರು ಯಲ್ಲಾಪುರ. ನನ್ನ ಜೊತೆ ಇರುವ ಹುಡುಗಿಯರು ಶುಕ್ರವಾರ ಪಾರ್ಟಿ ಇದ್ದರೆ ಮಧ್ಯಾಹ್ನದಿಂದ ಏನೂ ತಿನ್ನುವುದಿಲ್ಲ. ಊಟದ ಕ್ಯಾಲೊರಿ ಉಳಿಸಿ ಕುಡಿಯುವುದಕ್ಕೆ ಇಟ್ಟುಕೊಳ್ಳುತ್ತಾರೆ. ಮರುದಿನ ತಿಂದದ್ದು ಜಾಸ್ತಿ ಆಯಿತು ಅಂತ ಎರಡು ತಾಸು ಜಿಮ್. ಇದು ಸರಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಅವರೆಲ್ಲ ತೆಳ್ಳಗಿದ್ದಾರೆ, ನಾನು ಹೇಳಿದರೆ ಕೇಳುವುದಿಲ್ಲ.

ಕುಮಟಾ_ನರ್ಸಕ್ಕ:
ನಿನಗೆ ಅನ್ನಿಸಿದ್ದು ಸರಿಯೇ. ಸಂಕೋಚ ಬೇಡ, ಇದು ದೊಡ್ಡ ವಿಷಯ.

ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮದ್ಯ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಬೇಗ ಸಣ್ಣ ಕರುಳಿಗೆ ಇಳಿದು ರಕ್ತ ಸೇರುತ್ತದೆ. ಅಷ್ಟೇ ಕುಡಿದರೂ ನಶೆ ಬೇಗ ಏರುತ್ತದೆ, ಜಾಸ್ತಿ ಏರುತ್ತದೆ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ, ಹಾಗಾಗಿ ಅದೇ ತೂಕದ ಗಂಡಸು ಕುಡಿದಷ್ಟೇ ಕುಡಿದರೂ ರಕ್ತದಲ್ಲಿ ಪ್ರಮಾಣ ಹೆಚ್ಚು. ಮೇಲಿಂದ, ಊಟ ಇಲ್ಲದಾಗ ಯಕೃತ್ತು ಹೊಸ ಸಕ್ಕರೆ ತಯಾರಿಸಿ ದೇಹವನ್ನು ನಡೆಸಬೇಕು. ಮದ್ಯ ಆ ಕೆಲಸವನ್ನೇ ನಿಲ್ಲಿಸುತ್ತದೆ. ಸಕ್ಕರೆ ಕುಸಿದು ಬೀಳುತ್ತಾರೆ. ನೋಡುವವರು ಕುಡಿದು ಬಿದ್ದಿದ್ದಾಳೆ ಅಂತ ಬಿಟ್ಟು ಹೋಗುತ್ತಾರೆ, ಅದು ಇನ್ನೂ ಭಯ.

ತಿನ್ನುವುದನ್ನು ಬಿಡುವುದು, ಕುಡಿಯುವುದು, ಮತ್ತೆ ಪ್ರಾಯಶ್ಚಿತ್ತ ಅಂತ ಜಿಮ್ಮಿನಲ್ಲಿ ಮೈ ದಂಡಿಸುವುದು, ಇದು ಒಂದು ಚಕ್ರ ಆಗಿಬಿಟ್ಟರೆ ಊಟದ ಜೊತೆಗಿನ ಸಂಬಂಧವೇ ಕೆಟ್ಟ ಹಾಗೆ. ಅದಕ್ಕೆ ಚಿಕಿತ್ಸೆ ಇದೆ, ನಾಚಿಕೆ ಪಡುವ ಕಾಯಿಲೆ ಅಲ್ಲ. ಗೆಳತಿಗೆ ಕ್ಯಾಲೊರಿ ವಿಷಯ ಎತ್ತಬೇಡ. ಅವಳ ಹತ್ತಿರ ನಿನಗಿಂತ ಜಾಸ್ತಿ ಅಂಕಿ ಇರುತ್ತದೆ. "ನೀನು ಊಟ ಬಿಡುವುದು ನೋಡಿದರೆ ನನಗೆ ಹೆದರಿಕೆ ಆಗುತ್ತದೆ" ಅಂತ ಹೇಳು. ಹೊರಡುವ ಮೊದಲು ಜೊತೆಗೆ ಕೂತು ಉಣ್ಣು. ನೀನು ಮಾಡಬಹುದಾದದ್ದು ಅಷ್ಟು, ಅದು ಸಣ್ಣದಲ್ಲ.

ಶಿರಸಿ_ತೋಟದಮನೆ:
ಸಂಪಿಗೆ, ನಿನ್ನಂಥ ಗೆಳತಿ ಪಕ್ಕದಲ್ಲಿ ಇರುವುದೇ ಅವರಿಗೆ ಒಳ್ಳೆಯದು. ನಿನ್ನ ಕೋಣೆಯಲ್ಲಿ ನಡೆಯುವುದಕ್ಕೂ ಮೇಲೆ ಬಂದ ವಾಚಿನ ಲೆಕ್ಕಕ್ಕೂ ಬೇರು ಒಂದೇ. ಎರಡರಲ್ಲೂ ಮದ್ಯ ಮೊದಲು ನಿಗದಿ ಆಗಿರುತ್ತದೆ. ಊಟ, ಓಟ, ನಿದ್ದೆ ಎಲ್ಲ ಅದರ ಸುತ್ತ ಹೊಂದಿಕೊಳ್ಳಬೇಕು. ಆ ಕ್ರಮ ತಿರುಗಬೇಕು. ಮೊದಲು ಊಟ, ನಿದ್ದೆ, ನಡಿಗೆ ನಿಗದಿ ಆಗಲಿ. ಅದಾದ ಮೇಲೆ ಕುಡಿತಕ್ಕೆ ಜಾಗ ಉಳಿದರೆ ಸ್ವಲ್ಪ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಬೈತಖೋಲ_ಬಂದರು:
ನಮ್ಮ ಕಡೆಯದ್ದು ಸ್ವಲ್ಪ ಬೇರೆ ಇದೆ, ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟು ದಡಕ್ಕೆ ಬಿದ್ದಿರುತ್ತದೆ. ಹತ್ತು ತಿಂಗಳು ಬಲೆ ಎಳೆದ ಮೈಗೆ ಕೆಲಸ ಇಲ್ಲ, ಹೊರಗೆ ಮಳೆ, ಕೈಯಲ್ಲಿ ಸಮಯ. ಕುಡಿತ ಜಾಸ್ತಿ ಆಗುವುದು ಆಗಲೇ. ಕೆಲಸ ಇದ್ದಾಗ ತಿನ್ನುವಷ್ಟೇ ಊಟ, ಮೇಲೆ ಕುಡಿತ, ಖರ್ಚು ಮಾತ್ರ ಇಲ್ಲ. ಆಗಸ್ಟಿನಲ್ಲಿ ಬೋಟು ಹತ್ತುವಾಗ ಏದುಸಿರು ಬರುತ್ತದೆ.

ನಮ್ಮ ಕೇರಿಯ ಕೆಲವು ಹುಡುಗರು ಮಳೆಗಾಲದಲ್ಲಿ ಸಂಜೆ ವಾಲಿಬಾಲ್ ಆಡುತ್ತಾರೆ. ಮಳೆ ಬಿಟ್ಟಾಗ ಆಟ, ಹೊಡೆದಾಗ ಶೆಡ್ಡಿನಲ್ಲಿ ಬಲೆ ರಿಪೇರಿ. ಕ್ಯಾಲೊರಿ ಸುಡಬೇಕು ಅಂತ ಅಲ್ಲ, ಆ ಸಂಜೆ 6ರಿಂದ 8ರ ಸಮಯ ತುಂಬಬೇಕು ಅಂತ. ನನ್ನ ಪ್ರಕಾರ ವ್ಯಾಯಾಮದ ದೊಡ್ಡ ಉಪಕಾರ ಅದೇ. ಕುಡಿಯುವ ಹೊತ್ತಿನಲ್ಲಿ ಬೇರೆ ಕೆಲಸ, ಬೇರೆ ಜನ, ಬೇರೆ ಮಾತು. ಮರುದಿನ ಬೆಳಿಗ್ಗೆ ಓಡುವುದಕ್ಕಿಂತ ಅವತ್ತು ಸಂಜೆ ಆಡುವುದು ಮೇಲು.

ಹೊನ್ನಾವರ_ಮೇಷ್ಟ್ರು:
ಇದು ಒಪ್ಪಿದೆ. ಪೂರ್ತಿ ಒಪ್ಪಿದೆ. ಈ ಮಾತನ್ನು ನಮ್ಮೂರಿನ ಯುವಕ ಸಂಘದಲ್ಲೂ ಹೇಳುತ್ತೇನೆ.

ಮುಂಡಗೋಡ_ಗುಳಿಗೆ:
ನನಗೆ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಡಾಕ್ಟರು ನಡೆಯಲು ಹೇಳಿದ್ದಾರೆ. ಸಂಜೆ ನಡೆದು ಬಂದು ಒಂದು ಪೆಗ್ ಹಾಕಿದರೆ ಸಕ್ಕರೆ ಚೆನ್ನಾಗಿ ಇಳಿದಿರುತ್ತದೆ. ಒಳ್ಳೆಯದೇ ಅಲ್ವಾ?

ಕುಮಟಾ_ನರ್ಸಕ್ಕ:
ಅಲ್ಲ. ದಯವಿಟ್ಟು ಇದನ್ನು ಸರಿಯಾಗಿ ಓದಿ. ನಡಿಗೆ ಸಕ್ಕರೆ ಇಳಿಸುತ್ತದೆ, ಗ್ಲಿಮೆಪಿರೈಡ್ ಇಳಿಸುತ್ತದೆ, ಮದ್ಯ ಯಕೃತ್ತಿನ ಕೈ ಕಟ್ಟುತ್ತದೆ. ಮೂರೂ ಒಂದೇ ಸಂಜೆ ಸೇರಿದರೆ ರಾತ್ರಿ ನಿದ್ದೆಯಲ್ಲೇ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಬೆವರು, ನಡುಕ, ತೊದಲು ಎಲ್ಲ ನಶೆಯ ಹಾಗೇ ಕಾಣುವುದರಿಂದ ಮನೆಯವರಿಗೂ ಗೊತ್ತಾಗುವುದಿಲ್ಲ. ಮೆಟ್‌ಫಾರ್ಮಿನ್ ಮೇಲೆ ಜಾಸ್ತಿ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಬೇರೆ. ನಿಮ್ಮ ಡಾಕ್ಟರಿಗೆ ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಇದ್ದ ಹಾಗೇ ಹೇಳಿ. ಕಡಿಮೆ ಮಾಡಿ ಹೇಳಿದರೆ ಮಾತ್ರೆಯ ಲೆಕ್ಕವೇ ತಪ್ಪುತ್ತದೆ.

ಕೋಡಿಬಾಗ_ನಡಿಗೆ:
ನಾನೂ ಗೆಳೆಯರೂ ಇದನ್ನೆಲ್ಲ ಓದಿದೆವು. ಕೂರುವುದನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಮಾತು ಬೇಕು, ಗೆಳೆತನ ಬೇಕು. ಕುಡಿತ ಕಡಿಮೆ ಮಾಡಿ ಕೂರುವುದು ಹೇಗೆ ಅಂತ ಹೇಳಿ. ಕೈಯಲ್ಲಿ ಏನಾದರೂ ಲೋಟ ಇಲ್ಲದಿದ್ದರೆ ಬಿಡುವುದಿಲ್ಲ ಈ ಜನ.

ಶಿರಸಿ_ತೋಟದಮನೆ:
ಲೋಟಕ್ಕೆ ನಮ್ಮ ಜಿಲ್ಲೆಯಲ್ಲಿ ಕೊರತೆಯಾ? ಮುರುಗಲ ಹುಳಿ ನೀರು, ಚೂರು ಉಪ್ಪು, ಜೀರಿಗೆ ಪುಡಿ, ಸೋಡಾ. ಸಕ್ಕರೆ ಹಾಕಬೇಡಿ. ಬಣ್ಣ ನೋಡಿದರೆ ಯಾರೂ ಕೇಳುವುದಿಲ್ಲ. ಮಾವಿನ ಮಿಡಿ ಸಿಗುವ ಕಾಲದಲ್ಲಿ ಅಪ್ಪೆಹುಳಿ ಮಾಡಿ. ತೆಳ್ಳಗೆ, ಖಾರವಾಗಿ, ಇಂಗಿನ ಒಗ್ಗರಣೆ ಕೊಟ್ಟು. ಅದನ್ನು ಲೋಟಕ್ಕೆ ಹಾಕಿ ಗುಟುಕು ಗುಟುಕಾಗಿ ಕುಡಿಯುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಊಟ ಆದ ಮೇಲೆ ನಮ್ಮವರು ಅಪ್ಪೆಹುಳಿ ಕುಡಿದು ನಿದ್ದೆ ತೆಗೆಯುವುದು ಗೊತ್ತಲ್ಲ. ಎಳನೀರು, ಮಜ್ಜಿಗೆ ಇದ್ದೇ ಇದೆ. 250 ಮಿಲಿ ಎಳನೀರಿಗೆ 50 ಕ್ಯಾಲೊರಿ ಕೂಡ ಆಗುವುದಿಲ್ಲ.

ಅಂಕೋಲಾ_ಓಟ:
ನಮ್ಮ ಓಟದ ಗುಂಪಿನವರು ಮಾಡುವುದನ್ನು ಹೇಳುತ್ತೇನೆ. ಮೊದಲು ಊಟ. ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡೇ ಕೂರುವುದು. ಆಮೇಲೆ ಕುಡಿಯುವವರು ಅಳತೆ ಹಾಕಿ ಸುರಿಯುತ್ತಾರೆ, ಕಣ್ಣಳತೆ ಇಲ್ಲ. ಕಣ್ಣಳತೆಯಲ್ಲಿ 30 ಸುರಿದೆ ಅಂದದ್ದು 50 ಆಗಿರುತ್ತದೆ. ಒಂದು ಪೆಗ್ ಮುಗಿದ ಮೇಲೆ ಒಂದು ದೊಡ್ಡ ಲೋಟ ನೀರು. ಬಾಟಲಿ ಮೇಜಿನ ಮೇಲೆ ಇರುವುದಿಲ್ಲ, ಎದ್ದು ಹೋಗಿ ಹಾಕಿಕೊಂಡು ಬರಬೇಕು. ಒಬ್ಬರ ಲೋಟ ಇನ್ನೊಬ್ಬರು ತುಂಬಿಸುವ ಹಾಗಿಲ್ಲ, ಇದೇ ಬಹಳ ಕೆಲಸ ಮಾಡಿದ ನಿಯಮ. ಬೇಡ ಅಂದವರನ್ನು ಯಾಕೆ ಅಂತ ಕೇಳುವುದಿಲ್ಲ. ಬಂಗಡೆ ರವಾ ಫ್ರೈ ಬದಲು ಕಾವಲಿಯ ಮೇಲೆ ಚೂರೇ ಎಣ್ಣೆಯಲ್ಲಿ ಮಸಾಲೆ ಹಚ್ಚಿ ಸುಡುತ್ತೇವೆ. ಒಂದು ದೊಡ್ಡ ಚಮಚ ಎಣ್ಣೆಗೇ 120 ಕ್ಯಾಲೊರಿ, ಅದು ಅರ್ಧ ತಾಸಿನ ನಡಿಗೆಗಿಂತ ಜಾಸ್ತಿ. ಶೇಂಗಾ ಬಟ್ಟಲು ದೂರ ಇಡಿ, ಒಂದು ಮುಷ್ಟಿಗೆ 170 ಹೋಗುತ್ತದೆ. ಗಾಡಿ ಓಡಿಸುವವರು ಮುಟ್ಟುವುದೇ ಇಲ್ಲ, ಹೆದ್ದಾರಿ 66ರಲ್ಲಿ ರಾತ್ರಿ ಲಾರಿಗಳ ಎದುರು ಅರ್ಧ ಪೆಗ್ಗೂ ಬೇಡ.

ಮತ್ತೆ ನಿದ್ದೆ. ಕುಡಿದರೆ ಬೇಗ ನಿದ್ದೆ ಬರುತ್ತದೆ ನಿಜ. ಆದರೆ ಕನಸು ಬೀಳುವ ಹಂತದ ನಿದ್ದೆ ಕಡಿಮೆ ಆಗುತ್ತದೆ, ರಾತ್ರಿಯ ಎರಡನೇ ಭಾಗದಲ್ಲಿ ಪದೇ ಪದೇ ಎಚ್ಚರ. ಮರುದಿನ ಸಿಹಿ, ಕರಿದದ್ದು ಬೇಕು ಅನ್ನಿಸುವುದು, ಮೈ ಭಾರ ಆಗುವುದು ಅದರಿಂದಲೇ. ಹಾಗಾಗಿ ಮಲಗುವ ಹೊತ್ತಿಗೂ ಕೊನೆಯ ಗುಟುಕಿಗೂ ಮೂರು ತಾಸಾದರೂ ಅಂತರ ಇರಲಿ.

ಗೋಕರ್ಣ_ತಂಗಿ:
ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನ ಅಣ್ಣನ ಬಗ್ಗೆ ಕೇಳಬಹುದಾ? ಅವನು ಶನಿವಾರ ಮಾತ್ರ ಅಲ್ಲ, ದಿನಾ ಕುಡಿಯುತ್ತಾನೆ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ, ಚಹಾ ಲೋಟ ಹಿಡಿಯುವುದಕ್ಕೆ ಆಗುವುದಿಲ್ಲ. ಆದರೂ ಕಡಲತೀರದಲ್ಲಿ ಓಡಿ ಬರುತ್ತಾನೆ, ಬೆವರಿದರೆ ಎಲ್ಲ ಹೋಗುತ್ತದೆ ಅಂತ. ಮೊನ್ನೆ ಅತ್ತಿಗೆ ಅತ್ತಾಗ ನಾಳೆಯಿಂದ ಪೂರ್ತಿ ನಿಲ್ಲಿಸುತ್ತೇನೆ ಅಂದ. ನಮಗೆಲ್ಲ ಖುಷಿ ಆಗಿದೆ. ಓಟ ಮುಂದುವರಿಸಿದರೆ ಬಿಡುವುದಕ್ಕೆ ಸಹಾಯ ಆಗುತ್ತದಾ?

ಕುಮಟಾ_ನರ್ಸಕ್ಕ:
ತಂಗೀ, ಓಟದ ವಿಷಯ ಈಗ ಬದಿಗಿಡು. ದಿನಾ ಕುಡಿಯುವವರಿಗೆ ಬೆಳಿಗ್ಗೆ ಕೈ ನಡುಗಿದರೆ ದೇಹ ಮದ್ಯಕ್ಕೆ ಒಗ್ಗಿಹೋಗಿರಬಹುದು. ಅಂಥವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜ್ವರ, ಗೊಂದಲ ಆಗಬಹುದು. ಜೀವಕ್ಕೇ ಅಪಾಯ. ನಿಲ್ಲಿಸಲೇಬೇಕು, ಆದರೆ ಡಾಕ್ಟರ ಕಣ್ಣಿನ ಕೆಳಗೆ. ಅದಕ್ಕೆ ಮಾತ್ರೆ ಇದೆ, ವಿಟಮಿನ್ ಬಿ1 ಕೊಡುತ್ತಾರೆ, ಕೆಲವು ದಿನ ಸೇರಿಸಿಕೊಂಡೂ ನೋಡುತ್ತಾರೆ.

ಇವತ್ತೇ 14416ಕ್ಕೆ ಫೋನ್ ಮಾಡು. ಅದು ಸರಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕಾರವಾರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋರೋಗ ವಿಭಾಗ ಎಲ್ಲಿ ಅಂತ ಕೇಳು. ಅಣ್ಣ ಬಿಡುತ್ತೇನೆ ಅಂತ ಬಾಯಿ ಬಿಟ್ಟು ಹೇಳಿದ್ದಾನೆ, ಅಷ್ಟು ಹೇಳುವುದೇ ಕಷ್ಟ. ಹೋಗುವ ತನಕ ಒಬ್ಬನೇ ಓಡಲು, ಈಜಲು ಬಿಡಬೇಡ. ರಾತ್ರಿ ಒಬ್ಬರು ಜೊತೆಗೆ ಮಲಗಿ. ಫಿಟ್ಸ್ ಬಂದರೆ ಅಥವಾ ಮಾತು ಅಡ್ಡಾದಿಡ್ಡಿ ಆದರೆ ಕಾಯಬೇಡ, 108ಕ್ಕೆ ಕರೆ ಮಾಡು. ಅತ್ತಿಗೆಗೂ ಇದನ್ನು ಓದಿ ಹೇಳು.

ಗೋಕರ್ಣ_ತಂಗಿ:
ಫೋನ್ ಮಾಡಿದೆ ಅಕ್ಕಾ. ಬೆಳಿಗ್ಗೆ ಕರೆದುಕೊಂಡು ಹೋಗಲು ಹೇಳಿದರು. ಕಾರವಾರದಲ್ಲಿ ಆಸ್ಪತ್ರೆಯ ಹತ್ತಿರ ಇರುವವರು ಯಾರಾದರೂ ಇದ್ದೀರಾ? ನಮಗೆ ಅಲ್ಲಿ ಯಾರೂ ಪರಿಚಯ ಇಲ್ಲ.

ಕೋಡಿಬಾಗ_ನಡಿಗೆ:
ನಾನು ಇದ್ದೇನೆ. ಎಷ್ಟು ಗಂಟೆಯ ಬಸ್ಸಿಗೆ ಬರುತ್ತೀರಿ ಅಂತ ಖಾಸಗಿ ಸಂದೇಶದಲ್ಲಿ ತಿಳಿಸಿ, ಬಸ್ ನಿಲ್ದಾಣಕ್ಕೆ ಬರುತ್ತೇನೆ. ಚೀಟಿ ಮಾಡಿಸುವುದು, ಡಾಕ್ಟರ ಕೋಣೆ ಹುಡುಕುವುದು ನಾನು ನೋಡಿಕೊಳ್ಳುತ್ತೇನೆ. ಅಣ್ಣನ ಆಧಾರ್ ಕಾರ್ಡು, ಹಳೆಯ ಚೀಟಿಗಳು ಏನಾದರೂ ಇದ್ದರೆ ಮರೆಯದೆ ತನ್ನಿ.